ಬೀಡುಗಳು ಊರಾದ ನಾಡು

ಬೇಸಿಗೆ ಕಾಲಿಟ್ಟೊಡನೆ ನಮ್ಮ ಮನೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ‘ಈ ರಜೆಗೆ ಎಲ್ಲಿಗೆ ಹೋಗುವುದು?’ ಎಂಬುದು ಮಕ್ಕಳ ಪ್ರಶ್ನೆ. ‘ಎಲ್ಲರೂ ಹೊರಟರೆ ಮನೆ ನೋಡಿಕೊಳ್ಳುವವರು ಯಾರು?’ ಎಂಬುದು ಅಜ್ಜ-ಅಜ್ಜಿಯರ ಪ್ರಶ್ನೆ. ಮೊದಲನೆಯದು ಪ್ರಯಾಣದ ಮಾತು. ಎರಡನೆಯದು ಮನೆವಾರ್ತೆಯ ಮಾತು. ಒಂದು ಇನ್ನೊಂದಕ್ಕೆ ಅಡ್ಡಿ ಎಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಚರಿತ್ರೆಯನ್ನು ತೆರೆದು ನೋಡಿದರೆ, ಈ ಎರಡೂ ಒಂದೇ ಬಂಡಿಯ ಎರಡು ಗಾಲಿಗಳಂತೆ ಸಾವಿರಾರು ವರ್ಷಗಳಿಂದ ಜೊತೆಯಾಗಿಯೇ ಉರುಳಿ ಬಂದಿರುವುದು ಕಾಣುತ್ತದೆ. ಈ ಬೇಸಿಗೆಯಲ್ಲಿ ಆ ಚರಿತ್ರೆಯ ದಾರಿಯಲ್ಲಿ ನನ್ನೊಡನೆ ಸ್ವಲ್ಪ ದೂರ ಬನ್ನಿ.

ಗಾಲಿಯ ಮೇಲಿನ ಮನೆ

ಅಮೆರಿಕದಲ್ಲಿ ಮಕ್ಕಳಿರುವ ನಮ್ಮ ಕೆಲವು ಕುಟುಂಬಗಳು ಒಂದು ದೃಶ್ಯವನ್ನು ಬಲ್ಲವು. ಅಲ್ಲಿ ಕೆಲಸದಿಂದ ನಿವೃತ್ತರಾದ ಗಂಡ-ಹೆಂಡತಿ ಬೇಸಿಗೆ ಬಂದೊಡನೆ ಒಂದು ದೊಡ್ಡ ವಾಹನವನ್ನೇರಿ ಹೊರಟುಬಿಡುತ್ತಾರೆ. ಅದರೊಳಗೆ ಮಂಚವುಂಟು, ಒಲೆಯುಂಟು, ನೀರಿನ ತೊಟ್ಟಿಯುಂಟು, ಬಚ್ಚಲುಂಟು. ಹೋದಲ್ಲೆಲ್ಲ ಮನೆಯೂ ಜೊತೆಗೇ ಹೋಗುತ್ತದೆ. ದಾರಿಯಲ್ಲಿ ಮಗಳ ಊರಿನಲ್ಲಿ ನಾಲ್ಕು ದಿನ, ಮಗನ ಊರಿನಲ್ಲಿ ನಾಲ್ಕು ದಿನ ಇದ್ದು, ಮೊಮ್ಮಕ್ಕಳನ್ನು ಆಡಿಸಿ, ತಿರುಗಿ ಬಂದು ತಮ್ಮ ಮನೆಯ ಸೂರು, ಬೇಲಿ, ಕೈತೋಟ ಸರಿಮಾಡಿಕೊಳ್ಳುತ್ತಾರೆ. ಇಂಥ ವಾಹನದ ಚರಿತ್ರೆ ನೂರು ವರ್ಷಗಳಿಗಿಂತ ಸ್ವಲ್ಪ ಹೆಚ್ಚಿನದು. ಪಿಯರ್ಸ್-ಆರೋ ಎಂಬ ಕಂಪನಿ ಹಾಸಿಗೆಯಾಗಿ ಬಿಚ್ಚಿಕೊಳ್ಳುವ ಆಸನವಿದ್ದ ಮೋಟಾರನ್ನು 1910ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಇಟ್ಟಿತ್ತು.

ಅದೇ ದೇಶದಲ್ಲಿ 1930ರ ದಶಕದಲ್ಲಿ ಮಳೆ ಕೈಕೊಟ್ಟು, ಧೂಳಿನ ಬಿರುಗಾಳಿಗೆ ಹೊಲಗಳು ಹಾರಿಹೋದಾಗ, ಸಾವಿರಾರು ರೈತ ಕುಟುಂಬಗಳು ಪಾತ್ರೆ-ಪಗಡಿಗಳನ್ನು ಹಳೆಯ ಮೋಟಾರುಗಳಿಗೆ ಹೇರಿಕೊಂಡು ಕೂಲಿಯನ್ನು ಅರಸಿ ಕ್ಯಾಲಿಫೋರ್ನಿಯಾದ ಕಡೆಗೆ ಹೊರಟವು. ಅವರೂ ದಾರಿಯ ಬದಿಯಲ್ಲಿ ಡೇರೆ ಹಾಕಿ, ಗಾಲಿಯ ನೆರಳಲ್ಲಿ ಅಡುಗೆ ಮಾಡಿ ಉಂಡವರೇ. ನೋಡಿ, ಗಾಲಿಯ ಮೇಲೆ ಮನೆ ಹೇರುವುದು ಒಬ್ಬರಿಗೆ ವಿಹಾರ, ಇನ್ನೊಬ್ಬರಿಗೆ ಹೊಟ್ಟೆಪಾಡು. ಈ ಎರಡರ ಅಂತರವನ್ನು ನೆನಪಿನಲ್ಲಿ ಇಟ್ಟುಕೊಂಡೇ ನಮ್ಮ ನಾಡಿನ ಚರಿತ್ರೆಯನ್ನು ಓದಬೇಕು. ಏಕೆಂದರೆ ಕೃಷ್ಣೆ-ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡಿನಲ್ಲಿ ಇವೆರಡೂ ಬಹಳ ಹಿಂದಿನಿಂದಲೂ ಇವೆ.

ಬೂದಿ ದಿಬ್ಬಗಳು ಹೇಳುವ ಮಾತು

ಕನ್ನಡದ ‘ಬೀಡು’ ಎಂಬ ಪದವನ್ನೇ ತೆಗೆದುಕೊಳ್ಳಿ. ಅದಕ್ಕೆ ತಾತ್ಕಾಲಿಕವಾಗಿ ತಂಗುವ ಸ್ಥಳ, ದಂಡಿನ ಪಾಳೆಯ ಎಂಬ ಅರ್ಥವೂ ಉಂಟು; ಮನೆ, ವಾಸಸ್ಥಾನ ಎಂಬ ಅರ್ಥವೂ ಉಂಟು. ಹಳೆಯ ಶಾಸನಗಳಲ್ಲಿ ಅರಸರು ತಂಗಿದ್ದ ತಾಣವನ್ನು ‘ನೆಲೆವೀಡು’ ಎಂದು ಕರೆದಿದ್ದಾರೆ. ನಿಲ್ಲುವುದು ಮತ್ತು ನೆಲೆಸುವುದು, ಇವೆರಡರ ನಡುವೆ ನಮ್ಮ ಭಾಷೆ ಗೋಡೆ ಕಟ್ಟಲಿಲ್ಲ. ಇದು ಪದದ ಚಮತ್ಕಾರವಷ್ಟೇ ಅಲ್ಲ, ಈ ನಾಡಿನ ನಿಜಸ್ಥಿತಿ.

ರಾಯಚೂರು, ಯಾದಗಿರಿ, ಬಳ್ಳಾರಿ ಜಿಲ್ಲೆಗಳ ಹಲವೆಡೆ ಬೂದಿಯ ದಿಬ್ಬಗಳಿವೆ. ಇವು ಯಾರ ಬೂದಿ ಎಂಬುದಕ್ಕೆ ಜನರು ಪುರಾಣದ ಉತ್ತರ ಹೇಳುತ್ತಿದ್ದರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿ ಎಂಬುದು ಅಂಥ ಒಂದು ನಂಬಿಕೆ. 19ನೆಯ ಶತಮಾನದಲ್ಲಿ ಈ ಭಾಗದಲ್ಲೆಲ್ಲ ಅಲೆದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಇದು ಸುಟ್ಟ ದನದ ಸಗಣಿಯ ಬೂದಿ ಎಂದು ಹೇಳಿದರು. ಮುಂದೆ ಎಫ್. ಆರ್. ಆಲ್ಚಿನ್ ಅವರು 1952ರಲ್ಲಿ ಲಿಂಗಸುಗೂರು ತಾಲ್ಲೂಕಿನ ಮುದಗಲ್ ಬಳಿಯ ಪಿಕ್ಲಿಹಾಳದಲ್ಲೂ, 1957ರಲ್ಲಿ ಇಂದು ತೆಲಂಗಾಣಕ್ಕೆ ಸೇರಿರುವ ಉತ್ನೂರಿನಲ್ಲೂ ಉತ್ಖನನ ನಡೆಸಿದರು. ಉತ್ನೂರಿನ ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕಿದವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದನಗಾಹಿಗಳು ಮರದ ಬೇಲಿಯ ದೊಡ್ಡಿ ಕಟ್ಟಿ, ಹುಲ್ಲು-ನೀರು ಹುಡುಕಿಕೊಂಡು ಋತುಮಾನಕ್ಕೆ ತಕ್ಕಂತೆ ಅಲೆದು, ದೊಡ್ಡಿಯ ಸಗಣಿಯನ್ನು ಕಾಲಕಾಲಕ್ಕೆ ಸುಡುತ್ತಿದ್ದರೆಂದು ಅವರು ತೀರ್ಮಾನಿಸಿದರು.

ಅನಂತರ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದಾಗ, ಬೂದಿಯ ದಿಬ್ಬದ ಪಕ್ಕದಲ್ಲೇ ಜನವಸತಿಯ ಕುರುಹುಗಳು ದೊರೆತವು. ಮನೆಗಳ ನಡುವೆ ಮಡಕೆಗಳಲ್ಲಿಟ್ಟು ಹೂತ ಎಳೆಯ ಮಕ್ಕಳ ಸಮಾಧಿಗಳೂ ಕಂಡವು. ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ದನಗಳೊಡನೆ ಅಲೆಯುವವರಿಗೂ ತಿರುಗಿ ಬರುವ ಒಂದು ತಾಣವಿತ್ತು. ತಮ್ಮ ಕಂದಮ್ಮಗಳನ್ನು ಮಣ್ಣಿಗಿಟ್ಟ ನೆಲವನ್ನು ಯಾರೂ ಸುಲಭವಾಗಿ ಬಿಟ್ಟುಹೋಗುವುದಿಲ್ಲ. ದನ ಹೊಡೆದುಕೊಂಡು ಹೋಗುವಷ್ಟು ಕಾಲುಗಳಲ್ಲಿ ಬಲವಿಲ್ಲದವರು ಬೀಸುವ ಕಲ್ಲು, ಬೆಂಕಿ, ಮಕ್ಕಳು, ಇವುಗಳ ಬಳಿ ಉಳಿದಿರಬೇಕೆಂದು ಊಹಿಸುವುದು ತಪ್ಪಾಗಲಾರದು.

ಹಿರಿಯರನ್ನು ಕಾಣಲು ಹೊರಟ ಅರಸ

ಬಳ್ಳಾರಿ, ಸಿರುಗುಪ್ಪಗಳ ಕಡೆಯಿಂದ ಬಂದು ತುಂಗಭದ್ರೆಯನ್ನು ದಾಟುವ 150ಎ ರಾಷ್ಟ್ರೀಯ ಹೆದ್ದಾರಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರನ್ನೂ ಒಂದೇ ದಾರದಲ್ಲಿ ಪೋಣಿಸುತ್ತದೆ. ಈ ದಾರಿಯ ನಡುವಣ ಮಣಿ ಮಸ್ಕಿ. ಇತ್ತೀಚಿನವರೆಗೂ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಾಗಿದೆ. ಇಲ್ಲಿಯ ಬೆಟ್ಟದ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿರುವುದನ್ನು 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಗುರುತಿಸಿದರು. ಅವರು ಹುಡುಕುತ್ತಿದ್ದುದು ಚಿನ್ನದ ಅದಿರನ್ನು. ಸಿಕ್ಕಿದ್ದು ಅದಕ್ಕಿಂತ ಬೆಲೆಯುಳ್ಳದ್ದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಂದಿನಿಂದ, ಶಾಸನಗಳಲ್ಲಿ ‘ದೇವಾನಾಂಪ್ರಿಯ’ನೆಂದು ಕರೆದುಕೊಳ್ಳುವ ಅರಸನು ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರು. ಆ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಕೊರೆದಿದ್ದ ಮೊದಲ ಶಾಸನವಾಗಿ ಜಗತ್ತಿಗೆ ಸಿಕ್ಕಿದ್ದು ಮಸ್ಕಿಯದು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಸಂಪಾದಿಸಿ ಪ್ರಕಟಿಸಿದರು.

ಈ ಸಂಗತಿ ನಮ್ಮ ಶಾಲಾಪುಸ್ತಕಗಳಲ್ಲಿ ಉಂಟು. ಆದರೆ ಅಶೋಕನು ಒಬ್ಬ ಪ್ರಯಾಣಿಕ ಅರಸನಾಗಿದ್ದನೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಮಸ್ಕಿಯ ಶಾಸನದ ಬಗೆಯದೇ ಆದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ 256 ಎಂಬ ಸಂಖ್ಯೆ ಬರುತ್ತದೆ; ಅದು ಅರಸನು ಮನೆಯಿಂದ ಹೊರಗೆ, ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಇನ್ನು ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯೂ ಸೇರಿದಂತೆ ಹಲವೆಡೆ ಇರುವ ಎಂಟನೆಯ ಬಂಡೆಗಲ್ಲು ಶಾಸನ ಇನ್ನೂ ಸ್ಪಷ್ಟ. ಹಿಂದಿನ ಅರಸರು ಬೇಟೆಗೆ, ಮೋಜಿಗೆ ವಿಹಾರಯಾತ್ರೆ ಹೊರಡುತ್ತಿದ್ದರು; ತಾನು ಪಟ್ಟಕ್ಕೆ ಬಂದು ಹತ್ತು ವರ್ಷಗಳಾದಾಗ ಅದನ್ನು ಬಿಟ್ಟು ಧರ್ಮಯಾತ್ರೆ ಕೈಗೊಂಡೆ ಎಂದು ಅಲ್ಲಿ ಅರಸನು ಸಾರುತ್ತಾನೆ. ಆ ಯಾತ್ರೆಯಲ್ಲಿ ಏನು ಮಾಡುತ್ತಿದ್ದನೆಂಬುದಕ್ಕೆ ಒಂದು ಪಟ್ಟಿಯೂ ಇದೆ. ಶ್ರಮಣರನ್ನೂ ಬ್ರಾಹ್ಮಣರನ್ನೂ ಕಂಡು ದಾನ ಮಾಡುವುದು, ವೃದ್ಧರನ್ನು ಕಂಡು ಅವರಿಗೆ ಹೊನ್ನಿನ ನೆರವು ನೀಡುವುದು, ಹಳ್ಳಿಗಾಡಿನ ಜನರನ್ನು ಕಂಡು ಮಾತನಾಡುವುದು.

ವೃದ್ಧರನ್ನು ಕಾಣುವುದು! ಅಷ್ಟು ದೊಡ್ಡ ಸಾಮ್ರಾಜ್ಯದ ಅರಸನು ತನ್ನ ಪ್ರವಾಸದ ಕೆಲಸಗಳಲ್ಲಿ ಇದನ್ನೂ ಒಂದಾಗಿ ಎಣಿಸಿ ಕಲ್ಲಿನಲ್ಲಿ ಕೊರೆಸಿದನು. ಸಿಂಧನೂರಿನಿಂದ ಹೊಳೆಯಾಚೆ, ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಶಾಸನಗಳು ತಂದೆ-ತಾಯಿಯರ, ಹಿರಿಯರ ಮಾತನ್ನು ನಡೆಸಬೇಕೆಂಬ ಬೋಧನೆಯನ್ನೂ ಹೊತ್ತು ನಿಂತಿವೆ. ಮಸ್ಕಿಯ ಬಂಡೆಯ ಒಂದು ಮಾತು, ಈ ಶ್ರೇಯಸ್ಸು ದೊಡ್ಡವರಿಗಷ್ಟೇ ಮೀಸಲಲ್ಲ, ಸಾಮಾನ್ಯನಿಗೂ ದಕ್ಕುವಂಥದು ಎಂಬುದಾಗಿದೆ. ಚಿನ್ನದ ಸೀಮೆಯ ನಡುವೆ ನಿಂತಿರುವ ಬಂಡೆಗೆ ಇದಕ್ಕಿಂತ ತಕ್ಕ ಮಾತು ಯಾವುದಿದ್ದೀತು? ಅಲ್ಲಿಂದ ತುಸು ದೂರದ ಹಟ್ಟಿಯ ಗಣಿಯಲ್ಲಿ ನೂರಾರು ಅಡಿ ಆಳದ ಪುರಾತನ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯವು. ಆ ಹೊನ್ನನ್ನು ಅಗೆದವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ.

ತಾಂಡಾ, ಛಾವಣಿ, ಮಿಷನರಿಯ ಹೆಜ್ಜೆ

ಅಶೋಕನ ಬಳಿಕ ಈ ದಾರಿಯಲ್ಲಿ ನಡೆದವರು ಹೆಚ್ಚಾಗಿ ದಂಡಿನವರು. ಎಡೆದೊರೆ ನಾಡು ಫಲವತ್ತಾದದ್ದು, ಕೋಟೆಗಳುಳ್ಳದ್ದು. ಆದ್ದರಿಂದಲೇ ಅದಕ್ಕಾಗಿ ಕಾದಾಟ ತಪ್ಪಲಿಲ್ಲ. ಚಾಲುಕ್ಯ ಇಮ್ಮಡಿ ಜಯಸಿಂಹನಿಗೂ ರಾಜೇಂದ್ರ ಚೋಳನಿಗೂ 1021ರ ಸುಮಾರಿಗೆ ಯುದ್ಧ ನಡೆದ ‘ಮುಸಂಗಿ’ ಇಂದಿನ ಮಸ್ಕಿಯೇ ಎಂದು ಇತಿಹಾಸಕಾರರು ಹೇಳುತ್ತಾರೆ. ವಿಜಯನಗರಕ್ಕೂ ಬಹಮನಿ, ಆದಿಲಶಾಹಿಗಳಿಗೂ ನಡುವೆ ಮುದಗಲ್ ಕೋಟೆ ಎಷ್ಟೋ ಬಾರಿ ಕೈ ಬದಲಾಯಿಸಿತು.

ಈ ದಂಡುಗಳಿಗೆ ಅನ್ನ ಹೊತ್ತು ತಂದವರ ಮಾತನ್ನು ಚರಿತ್ರೆ ಕಡಿಮೆ ಆಡುತ್ತದೆ. ಅವರು ಲಂಬಾಣಿಗರು. 17ನೆಯ ಶತಮಾನದಲ್ಲಿ ಭಾರತದಲ್ಲಿ ಸಂಚರಿಸಿದ ಫ್ರಾನ್ಸಿನ ರತ್ನವ್ಯಾಪಾರಿ ತಾವೆರ್ನಿಯೆ, ಹತ್ತು-ಹನ್ನೆರಡು ಸಾವಿರ ಎತ್ತುಗಳು ಅಕ್ಕಿ, ಕಾಳು, ಉಪ್ಪುಗಳನ್ನು ಹೊತ್ತು ಸಾಲಾಗಿ ಸಾಗುವುದನ್ನು ಕಂಡು ಬೆರಗಾದನು. ಹೆಂಡತಿ-ಮಕ್ಕಳು, ಡೇರೆ, ಒಲೆ ಎಲ್ಲವೂ ಅವರ ಜೊತೆಯಲ್ಲೇ ಇರುತ್ತಿದ್ದವು. ಅಮೆರಿಕದ ಗಾಲಿಮನೆಗಿಂತ ನೂರಾರು ವರ್ಷ ಮೊದಲೇ ಎತ್ತಿನ ಬೆನ್ನಿನ ಮೇಲೆ ನಮ್ಮಲ್ಲಿ ಮನೆಗಳು ಚಲಿಸುತ್ತಿದ್ದವು. ಆ ಚಲಿಸುವ ಗುಂಪಿಗೇ ‘ತಾಂಡಾ’ ಎಂದು ಹೆಸರು. 1871ರಲ್ಲಿ ಮುಂಬಯಿಯ ಕಡೆಯಿಂದಲೂ ಮದರಾಸಿನ ಕಡೆಯಿಂದಲೂ ಬಂದ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿಕೊಂಡವು. ಎತ್ತು ಹೊರುತ್ತಿದ್ದುದನ್ನು ರೈಲು ಹೊತ್ತಿತು. ಹೇರಾಟ ನಿಂತಂತೆ ತಾಂಡಾ ತಂಗಿದಲ್ಲೇ ಉಳಿಯಿತು. ಇಂದು ಲಿಂಗಸುಗೂರು ತಾಲ್ಲೂಕಿನಲ್ಲಿ ‘ತಾಂಡಾ’ ಎಂದರೆ ನಡೆಯುವ ಗುಂಪಲ್ಲ, ಮನೆ, ಗುಡಿ, ಶಾಲೆಗಳಿರುವ ಊರು.

ಲಿಂಗಸುಗೂರಿನ ಕಥೆಯೂ ಇಂಥದೇ. 1853ರಲ್ಲಿ ನಿಜಾಮನು ಈ ದೋಆಬನ್ನು ಬ್ರಿಟಿಷರಿಗೆ ಒಪ್ಪಿಸಿಕೊಟ್ಟನು. 1860ರಲ್ಲಿ ಅದು ಮರಳಿ ಅವನ ಕೈಸೇರಿತು. ಆ ಶತಮಾನದಲ್ಲಿ ಇಲ್ಲಿ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿಯಿತ್ತು. ಲಿಂಗಸುಗೂರು ಒಂದು ಜಿಲ್ಲೆಯ ಕೇಂದ್ರವೂ ಆಗಿ, 1905ರಲ್ಲಿ ರಾಯಚೂರು ಜಿಲ್ಲೆಯೊಳಗೆ ಸೇರಿಹೋಯಿತು. ಸಿಪಾಯಿಗಳು ಹೊರಟುಹೋದರು. ಅವರಿಗೆ ರೊಟ್ಟಿ ಬಡಿದುಕೊಟ್ಟ, ಬಟ್ಟೆ ಒಗೆದ, ಕುದುರೆಗೆ ಲಾಳ ಹೊಡೆದ ಮನೆತನಗಳು ಉಳಿದವು. ಕನ್ನಡದಲ್ಲಿ ‘ಛಾವಣಿ’ ಎಂದರೆ ದಂಡಿನ ಬೀಡೂ ಹೌದು, ಮನೆಯ ಮೇಲ್ಚಾವಣಿಯೂ ಹೌದು.

ಲಿಂಗಸುಗೂರಿನಿಂದ ಕೆಲವೇ ಮೈಲಿಗಳ ದೂರದ ಮುದಗಲ್ ನಮಗೆ, ಕ್ರೈಸ್ತ ಕುಟುಂಬಗಳಿಗೆ, ಇನ್ನೊಂದು ಕಾರಣದಿಂದಲೂ ಆಪ್ತ. ಇಲ್ಲಿಯ ಕಥೋಲಿಕ ಸಮುದಾಯದ ಮೂಲವನ್ನು 16ನೆಯ ಶತಮಾನದ ನಡುಭಾಗಕ್ಕೆ, ಗೋವೆಯಿಂದ ಬಂದ ಮಿಷನರಿಗಳ ಕಾಲಕ್ಕೆ ಗುರುತಿಸುತ್ತಾರೆ. ಮಿಷನರಿ ಎಂದರೆ ದಾರಿಹೋಕ; ಇಂದು ಈ ಊರು, ನಾಳೆ ಆ ಊರು. ದಾರಿ ಕಡಿದುಹೋದ ಯುದ್ಧದ ವರ್ಷಗಳಿದ್ದವು, ಬರದ ವರ್ಷಗಳಿದ್ದವು. ಅಂಥ ಕಾಲದಲ್ಲಿ ಜಪವನ್ನು ಮೊಮ್ಮಕ್ಕಳ ಬಾಯಲ್ಲಿ ಉಳಿಸುವುದು ಮನೆಯ ಹಿರಿಯರ ಪಾಲಿನ ಕೆಲಸ. ಅಬ್ರಹಾಮನು 75ನೆಯ ವಯಸ್ಸಿನಲ್ಲಿ ಸಾರಾಳೊಡನೆ ಡೇರೆ ಕಟ್ಟಿಕೊಂಡು ಹೊರಟ ಕಥೆಯನ್ನು ಹೇಳುವಾಗ ನಾವು ಹೊರಟದ್ದನ್ನು ಮಾತ್ರ ನೆನೆಯುತ್ತೇವೆ. ಆ ಡೇರೆಯಲ್ಲಿ ಹಿಟ್ಟು ನಾದಿ, ಅತಿಥಿಗಳಿಗೆ ರೊಟ್ಟಿ ಸುಟ್ಟ ಮುದುಕಿಯನ್ನು ಮರೆಯುತ್ತೇವೆ.

ಸಿಂಧನೂರಿನ ಕ್ಯಾಂಪುಗಳು

ಈಗ ದಾರಿಯಲ್ಲಿ ಹಿಂದಿರುಗಿ, ಮಸ್ಕಿಯನ್ನು ದಾಟಿ ಸಿಂಧನೂರಿಗೆ ಬನ್ನಿ. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಹರಿಯತೊಡಗಿತು. ಸುಮಾರು 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆ ಜೋಳ-ಹತ್ತಿಯ ಈ ಒಣ ಎರೆನೆಲವನ್ನು ಭತ್ತದ ಗದ್ದೆಯನ್ನಾಗಿ ಮಾಡಿತು. ನೀರಾವರಿಯ ಬೇಸಾಯ ಬಲ್ಲ ಆಂಧ್ರ ಕರಾವಳಿಯ ರೈತರು ಇಲ್ಲಿ ಭೂಮಿ ಕೊಂಡು, ಹೊಲಗಳ ನಡುವೆಯೇ ಗುಡಿಸಲು ಹಾಕಿಕೊಂಡರು. ಅವಕ್ಕೆ ‘ಕ್ಯಾಂಪ್’ ಎಂದು ಹೆಸರಾಯಿತು. ಮುಂದೆ ಪೂರ್ವ ಪಾಕಿಸ್ತಾನದಿಂದ ಎಲ್ಲವನ್ನೂ ಕಳೆದುಕೊಂಡು ಬಂದ ಬಂಗಾಳಿ ನಿರಾಶ್ರಿತರಿಗೂ ಸಿಂಧನೂರಿನ ಬಳಿ ಪುನರ್ವಸತಿ ಕ್ಯಾಂಪುಗಳಾದವು. ಇಂದಿಗೂ ಆ ಮನೆಗಳಲ್ಲಿ ಬಂಗಾಳಿ ಕೇಳುತ್ತದೆ, ಸಂತೆಯಲ್ಲಿ ಕನ್ನಡ ಕೇಳುತ್ತದೆ.

ಹೀಗೆ ತಾಂಡಾ, ಛಾವಣಿ, ಕ್ಯಾಂಪ್, ಇವು ಮೂರೂ ಒಂದೆರಡು ದಿನ ನಿಂತು ಮುಂದೆ ಹೋಗುವವರ ಪದಗಳು. ಮೂರೂ ಈ ಮೂರು ತಾಲ್ಲೂಕುಗಳಲ್ಲಿ ಶಾಶ್ವತ ವಾಸಸ್ಥಾನಗಳ ಹೆಸರಾಗಿವೆ. ಬೀಡು ಊರಾಗುವುದು ಹೇಗೆ? ನೀರು ಬೇಕು, ನೆಲ ಬೇಕು, ನಿಜ. ಅಷ್ಟೇ ಸಾಲದು. ತಂಗಿದ ಜಾಗದಲ್ಲಿ ಯಾರೋ ಒಬ್ಬರು ‘ನಾನು ಇಲ್ಲೇ ಇರುತ್ತೇನೆ, ನೀವು ಹೋಗಿ ಬನ್ನಿ’ ಎನ್ನಬೇಕು. ಆ ಮಾತು ಆಡುವವರು ಹೆಚ್ಚಾಗಿ ವಯಸ್ಸಾದವರು. ಅವರು ಕೂತಲ್ಲಿ ಒಲೆ ನಿಲ್ಲುತ್ತದೆ, ಒಲೆ ನಿಂತಲ್ಲಿ ಗೋಡೆ ಏಳುತ್ತದೆ.

ಬೇಸಿಗೆಯ ಮನೆವಾರ್ತೆ

ಹಾಗೆ ಉಳಿದವರು ಸುಮ್ಮನೆ ಕೂತವರೆಂದು ಎಣಿಸಬೇಡಿ. ಈ ಸೀಮೆಯ ಮಾಳಿಗೆ ಮನೆಗಳಿಗೆ ಪ್ರತಿ ಬೇಸಿಗೆಯಲ್ಲೂ ಹೊಸ ಮಣ್ಣು ಹರವಿ, ಬಡಿದು ಗಟ್ಟಿ ಮಾಡದಿದ್ದರೆ ಮೊದಲ ಮಳೆಗೇ ಸೋರುತ್ತವೆ. ಹಗೇವು ತೆರೆದು ಜೋಳ ತೆಗೆಯುವಾಗ, ಒಳಗಿನ ಕೆಟ್ಟ ಗಾಳಿ ಹೋಯಿತೇ ಎಂದು ದೀಪ ಇಳಿಬಿಟ್ಟು ನೋಡುವ ಎಚ್ಚರ ಅಜ್ಜನದು. ಬೀಜದ ಕಾಳಿಗೆ ಬೂದಿ ಕಲಸಿ ಇಡುವುದು, ಶಾವಿಗೆ ಹೊಸೆಯುವುದು, ಸಂಡಿಗೆ-ಹಪ್ಪಳ ಒಣಗಿಸುವುದು, ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವುದು ಅಜ್ಜಿಯದು. ಹಗ್ಗ ಹೊಸೆದು, ಕೂರಿಗೆ-ಕುಂಟೆ ಸರಿಪಡಿಸಿ, ಬಣವೆಯ ಮೇವು ಮಳೆಗಾಲದವರೆಗೆ ಸಾಲುವಂತೆ ಅಳೆದು ಹಾಕುವುದು ಮತ್ತೆ ಅಜ್ಜನದು. ಇವೆಲ್ಲ ಮುಂದಿನ ಮಳೆಗಾಲಕ್ಕೆ ಮನೆಯನ್ನು ಸಿದ್ಧಗೊಳಿಸುವ ಕೆಲಸಗಳು. ಮುಂಗಾರು ಬಿದ್ದೊಡನೆ ಬಿತ್ತಲು ಮಗ ತಿರುಗಿ ಬಂದಾಗ ಬೀಜ ಕೈಗೆ ಸಿಗಬೇಕು, ಕೂರಿಗೆ ನೆಟ್ಟಗಿರಬೇಕು. ಯಾವ ಅರಸನ ಶಾಸನದಲ್ಲೂ, ಯಾವ ಸರ್ಕಾರದ ವರದಿಯಲ್ಲೂ ಈ ದುಡಿಮೆಗೆ ಲೆಕ್ಕವಿಲ್ಲ.

ಗುಳೆಯೆಂಬ ಪ್ರಯಾಣ

ಮಗ ತಿರುಗಿ ಬಂದಾಗ ಎಂದೆನಷ್ಟೇ. ಅವನು ಹೋದದ್ದು ಎಲ್ಲಿಗೆ? ನಮ್ಮ ಸೀಮೆಯ ಬೇಸಿಗೆಯ ಮುಖ್ಯ ಪ್ರಯಾಣ ವಿಹಾರವಲ್ಲ, ಗುಳೆ. 1876-78ರ ಘೋರ ಬರದಲ್ಲಿ ರಾಯಚೂರು, ಲಿಂಗಸುಗೂರು ಸೀಮೆಗಳು ಬಹಳವಾಗಿ ನೊಂದವು. ಬರ ಕಳೆದರೂ ಗುಳೆಯ ದಾರಿ ಮುಚ್ಚಲಿಲ್ಲ. ಕಾಲುವೆಯ ನೀರು ಹತ್ತದ ಮಸ್ಕಿ, ಲಿಂಗಸುಗೂರುಗಳ ಎಷ್ಟೋ ಹಳ್ಳಿ-ತಾಂಡಾಗಳಿಂದ ಸುಗ್ಗಿ ಮುಗಿದೊಡನೆ ಜನರು ಬೆಂಗಳೂರು, ಪುಣೆ, ಮುಂಬಯಿ, ಗೋವೆಗಳ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ನಸುಕಿನಲ್ಲಿ ಬಸ್ ನಿಲ್ದಾಣದಲ್ಲಿ ಜೋಳದ ಚೀಲ, ಪಾತ್ರೆಯ ಗಂಟು, ಸುತ್ತಿದ ಚಾಪೆ, ಸ್ಟೋವ್ ಹಿಡಿದು ನಿಂತವರನ್ನು ನೀವು ಕಂಡಿದ್ದೀರಿ. ಅದೂ ಗಾಲಿಯ ಮೇಲಿನ ಮನೆಯೇ. 2005ರ ಉದ್ಯೋಗ ಖಾತ್ರಿ ಕಾಯಿದೆ 2006ರಲ್ಲಿ ಮೊದಲು ಜಾರಿಗೆ ಬಂದ 200 ಜಿಲ್ಲೆಗಳಲ್ಲಿ ರಾಯಚೂರೂ ಒಂದಾಗಿತ್ತು ಎಂಬುದೇ ಇಲ್ಲಿಯ ಅಗತ್ಯದ ಆಳವನ್ನು ತೋರಿಸುತ್ತದೆ.

ಗುಳೆ ಹೊರಡುವ ಮನೆಯಲ್ಲಿ ಒಂದು ಕಠಿಣ ನಿರ್ಧಾರ ನಡೆಯುತ್ತದೆ. ಮಕ್ಕಳನ್ನು ಕರೆದೊಯ್ಯಬೇಕೇ, ಬಿಟ್ಟುಹೋಗಬೇಕೇ? ಕರೆದೊಯ್ದರೆ ಶಾಲೆ ತಪ್ಪುತ್ತದೆ; ಪರೀಕ್ಷೆ ಬರುವ ಹೊತ್ತಿಗೆ ಮಗು ಕಟ್ಟಡದ ಮರಳ ರಾಶಿಯ ಮೇಲೆ ತಮ್ಮನನ್ನು ಆಡಿಸುತ್ತಿರುತ್ತದೆ. ಬಿಟ್ಟುಹೋಗಬೇಕಾದರೆ ಮನೆಯಲ್ಲಿ ಹಿರಿಯರಿರಬೇಕು. ಅಜ್ಜ-ಅಜ್ಜಿಯರಿರುವ ಮನೆಯ ಮಗು ಶಾಲೆಯಲ್ಲಿ ಉಳಿಯುತ್ತದೆ. ಆ ಮುದುಕ ದಂಪತಿಗೆ ಮಂಡಿನೋವು ಇದ್ದೀತು, ಕಣ್ಣಿಗೆ ಪೊರೆ ಬಂದೀತು, ರೇಷನ್ನಿನ ಯಂತ್ರಕ್ಕೆ ಸವೆದ ಬೆರಳ ಗುರುತು ಹತ್ತದೆ ಎರಡೆರಡು ಬಾರಿ ಅಲೆಯಬೇಕಾದೀತು. ಆದರೂ ಬೆಳಿಗ್ಗೆ ಎದ್ದು ಮೊಮ್ಮಗಳ ಜಡೆ ಹೆಣೆದು ಶಾಲೆಗೆ ಕಳಿಸುವವರು ಅವರೇ. ದುಡಿಮೆಯಿಂದ ನಿವೃತ್ತಿ ಎಂಬುದು ಸಂಬಳದ ಕೆಲಸ ಮಾಡಿದವರಿಗೆ ಸಿಗುವ ಭಾಗ್ಯ. ಹೊಲದಲ್ಲಿ ದುಡಿದವರಿಗೆ ಅಂಥ ದಿನಾಂಕವೇ ಇಲ್ಲ.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ ಈ ಸತ್ಯ ಎಲ್ಲರ ಕಣ್ಣಿಗೂ ಬಿತ್ತು. ಕೆಲಸ ನಿಂತಿತು, ಬಸ್ಸು-ರೈಲು ನಿಂತವು, ನಗರದ ಬಾಡಿಗೆ ಗೂಡುಗಳು ಹೊರೆಯಾದವು. ಜನರು ತಲೆಯ ಮೇಲೆ ಗಂಟು ಹೊತ್ತು ನೂರಾರು ಕಿಲೋಮೀಟರು ನಡೆದರು. ಅಷ್ಟು ದೂರ ನಡೆಯುವ ಧೈರ್ಯ ಬಂದದ್ದು ಎಲ್ಲಿಂದ? ದಾರಿಯ ಕೊನೆಗೆ ತೆರೆದ ಬಾಗಿಲೊಂದಿದೆ ಎಂಬ ನಂಬಿಕೆಯಿಂದ. ಆ ಬಾಗಿಲ ಬಳಿ ಕುಳಿತಿದ್ದವರು ಅಪ್ಪ-ಅವ್ವ. ಬರದ ಕಾಲದಲ್ಲಿ ಬೆತ್ಲೆಹೇಮನ್ನು ಬಿಟ್ಟು ಮೋವಾಬಿಗೆ ಹೋದ ನವೊಮಿ, ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು ಜವೆಗೋಧಿಯ ಸುಗ್ಗಿಯ ಹೊತ್ತಿಗೆ ರೂತಳೊಡನೆ ಮರಳಿದಳು. ಗುಳೆ ಹೋಗಿ ಬಂದವರಿಗೆ ಆ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುದಗಲ್ಲಿನ ಮೊಹರಂ ಪ್ರಸಿದ್ಧ. ದೂರದೂರಿಗೆ ದುಡಿಯಲು ಹೋದವರು ಜಾತಿ-ಮತದ ಭೇದವಿಲ್ಲದೆ ಅಲಾಯಿ ಹಬ್ಬಕ್ಕೆ ಊರಿಗೆ ಬರುತ್ತಾರೆ. ನಮ್ಮವರು ಕ್ರಿಸ್‌ಮಸ್ಸಿಗೆ ಬರುತ್ತಾರೆ. ಹಬ್ಬ ಯಾವುದಾದರೇನು, ಬರುವುದು ಊರಿಗೆ, ಅಂದರೆ ಹಿರಿಯರು ಇರುವಲ್ಲಿಗೆ. 2024ರಲ್ಲಿ ಸಿಂಧನೂರಿಗೂ ರೈಲು ಬಂದಿತು. ಹೋಗುವುದು ಸುಲಭವಾಗಿದೆ; ಬರುವುದೂ ಅಷ್ಟೇ ಸುಲಭವಾಗಲಿ.

ಈ ಬೇಸಿಗೆಯಲ್ಲಿ ನೀವು

ಪ್ರಿಯ ಓದುಗರೇ, ನಿಮ್ಮಲ್ಲಿ ಕೆಲವರು ನಿವೃತ್ತರಾದ ಶಿಕ್ಷಕರು, ದಾದಿಯರು, ಗುಮಾಸ್ತರು ಇದ್ದೀರಿ. ಮಗಳ ಬಾಣಂತನಕ್ಕೆಂದು ಬೆಂಗಳೂರಿಗೋ ದುಬೈಗೋ ಹೋಗಿ ಆರು ತಿಂಗಳು ಇದ್ದು ಬಂದವರಿದ್ದೀರಿ. ಅದು ಪ್ರವಾಸವೋ ಮನೆಗೆಲಸವೋ ಎಂದು ಕೇಳಿದರೆ ನೀವು ನಕ್ಕುಬಿಡುವಿರಿ. ಈ ಸಲ ನಿಮ್ಮ ಮೊಮ್ಮಕ್ಕಳು ರಜೆಗೆ ಬಂದಾಗ ಒಂದು ದಿನ ಅವರನ್ನು ಈ ದಾರಿಯಲ್ಲಿ ಕರೆದೊಯ್ಯಿರಿ. ಗಾಲಿಯ ಮೇಲಿನ ಮನೆ ಬೇಕಿಲ್ಲ. ಸಿಂಧನೂರಿನಿಂದ ಕೆಂಪು ಬಸ್ಸು ಸಾಕು. ಬಿಸಿಲು ಏರುವ ಮುನ್ನ ಹೊರಡಿ, ಬುತ್ತಿಯನ್ನೂ ನೀರನ್ನೂ ಕಟ್ಟಿಕೊಳ್ಳಿ. ಮಸ್ಕಿಯ ಬಂಡೆಯ ಮುಂದೆ ನಿಂತು, ಇಲ್ಲಿ ಹೆಸರು ಕೊರೆಸಿದ ಅರಸನು ಊರೂರಿಗೆ ಹೋದಾಗ ನಿನ್ನ ಅಜ್ಜನಂಥವರನ್ನು ಹುಡುಕಿ ಮಾತನಾಡಿಸುತ್ತಿದ್ದನೆಂದು ಹೇಳಿರಿ. ಮುದಗಲ್ಲಿನ ಕೋಟೆ ತೋರಿಸಿರಿ, ಹಳೆಯ ದೇವಾಲಯದಲ್ಲಿ ಒಂದು ಗಳಿಗೆ ಕೂರಿರಿ. ತಿರುಗಿ ಬರುವಾಗ ನಿಮ್ಮ ಮನೆತನ ಈ ಊರಿಗೆ ಯಾವಾಗ, ಎಲ್ಲಿಂದ, ಯಾವ ಬರಕ್ಕೋ ಯಾವ ಕೆಲಸಕ್ಕೋ ಬಂದಿತೆಂದು ಹೇಳಿ, ಅದನ್ನು ಮಗುವಿನ ಕೈಯಿಂದಲೇ ಒಂದು ಪುಸ್ತಕದಲ್ಲಿ ಬರೆಸಿರಿ. ಚರಿತ್ರೆಯಲ್ಲಿ ಹೆಸರಿಲ್ಲದವರಿಗೆ ಅಷ್ಟಾದರೂ ಕಲ್ಲಿನ ಗೆರೆ ಬೇಕು.

ಇನ್ನೊಂದು ಮಾತು. ನಿಮ್ಮ ಬೀದಿಯಲ್ಲೇ ಮಗ-ಸೊಸೆ ಗುಳೆ ಹೋಗಿ, ಮೊಮ್ಮಕ್ಕಳೊಡನೆ ಉಳಿದ ಹಿರಿಯ ದಂಪತಿ ಇದ್ದಾರು. ಈ ಮಳೆಗಾಲಕ್ಕೆ ಅವರ ಮಾಳಿಗೆಯ ಮೇಲೆ ಮಣ್ಣು ಹಾಕುವವರಿಲ್ಲದಿರಬಹುದು. ಪಿಂಚಣಿಯ ಕಾಗದ ಓದಿ ಹೇಳುವವರಿಲ್ಲದಿರಬಹುದು. ಆಸ್ಪತ್ರೆಗೆ ಕೈಹಿಡಿದು ಕರೆದೊಯ್ಯುವವರಿಲ್ಲದಿರಬಹುದು. ರಜೆಗೆ ಬಂದ ನಿಮ್ಮ ಮನೆಯ ಹುಡುಗರಿಗೆ ತೋಳಿನಲ್ಲಿ ಬಲವಿದೆ, ಓದು-ಬರಹ ಗೊತ್ತಿದೆ. ಅವರನ್ನು ಆ ಮನೆಗೆ ಕಳಿಸಿರಿ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಅರಸನೊಬ್ಬನು ಅಷ್ಟು ದೂರದಿಂದ ಹೊರಟು ಮಾಡುತ್ತಿದ್ದ ಕೆಲಸ ನಮಗೆ ನಾಲ್ಕು ಹೆಜ್ಜೆಯ ದೂರದಲ್ಲಿದೆ. ಮಳೆ ಬರುವುದರೊಳಗೆ ಮಾಡಿ ಮುಗಿಸೋಣ.